ಫೈಬರ್ ದೋಣಿಯೊಳಗಿನ ಮರ

ಶಹಾಬಾದ್ ಕಲ್ಲಿನ ಸೀಮೆಯಲ್ಲಿ ಹುಟ್ಟಿದವರಿಗೆ ಮರದ ಬಗ್ಗೆ ಒಂದು ಬಗೆಯ ಅಸಡ್ಡೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಎಲ್ಲಿ ಕಣ್ಣು ಹಾಯಿಸಿದರೂ ನೆಲಕ್ಕೆ ಫರಸಿ, ಗೋಡೆಗೆ ಫರಸಿ, ಹೊಲದ ಬದುವಿಗೆ ನಿಲ್ಲಿಸಿದ್ದೂ ಫರಸಿ. ಹಸಿರು ಬೇಕೆಂದರೆ ಚಿಂಚೋಳಿ ಕಾಡಿನ ಕಡೆ ಹೋಗಬೇಕು. ಮರವೆಂದರೆ ಕಿಟಕಿ ಬಾಗಿಲಿಗೆ ಬೇಕಾಗುವ ಸಾಮಾನು ಎಂದೇ ನಾವು ತಿಳಿದವರು. ಆದರೆ ಇಲ್ಲಿನ ಹಳೆಯ ಮಾಳಿಗೆ ಮನೆಯೊಂದನ್ನು ಕೆಡವುವಾಗ ನಿಂತು ನೋಡಿ. ಆ ಕಲ್ಲನ್ನೆಲ್ಲ ತಲೆಯ ಮೇಲೆ ಹೊತ್ತಿದ್ದು ತೊಲೆ ಮತ್ತು ಜಂತಿ. ತೊಲೆಯ ನಡುಭಾಗ ನೂರು ವರ್ಷದ ಹೊಗೆ ಕುಡಿದು ಕಬ್ಬಿಣದಂತಿರುತ್ತದೆ. ಗೋಡೆಯೊಳಗೆ ಹೂತುಕೊಂಡ ತುದಿಯನ್ನು ಬೆರಳಿನಿಂದ ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಅಲ್ಲಿ ಮರವಿಲ್ಲ, ಮರದ ಆಕಾರದ ಮಣ್ಣಿದೆ.

ನಮ್ಮ ಕಡೆಯ ಹಿರಿಯರು ಗೆದ್ದಲಿಗೆ ಒರಲಿ ಎನ್ನುತ್ತಾರೆ. ಅದಕ್ಕೆ ಬೆಳಕು ಆಗದು, ಒಣಗಾಳಿ ಆಗದು. ಹಾಗಾಗಿ ನೆಲದ ತೇವವನ್ನು ಬೆನ್ನಿಗಿಟ್ಟುಕೊಂಡು, ಮಣ್ಣಿನ ಕೊಳವೆ ಕಟ್ಟಿಕೊಂಡೇ ಮೇಲೇರುತ್ತದೆ. ಮರದ ಹೊರಮೈಯನ್ನು ತೆಳ್ಳಗೆ ಉಳಿಸಿ ಒಳಗೆಲ್ಲ ತಿನ್ನುತ್ತದೆ. ಸಾಗವಾನಿಯ ಕೆಚ್ಚನ್ನು ಮಾತ್ರ ಅದು ಬೇಗ ಮುಟ್ಟುವುದಿಲ್ಲ. ಆ ಮರ ತನ್ನೊಳಗೆ ತಾನೇ ಮಾಡಿಕೊಳ್ಳುವ ಟೆಕ್ಟೋಕ್ವಿನೋನ್ ಎಂಬ ರಸಾಯನ ಅದಕ್ಕೆ ಹಿಡಿಸದು. ಅದೇ ಸಾಗವಾನಿಯ ಹೊರಗಿನ ಬಿಳಿ ಮರಕ್ಕೆ ಈ ರಕ್ಷಣೆ ಇಲ್ಲ. ‘ಸಾಗವಾನಿಗೂ ಒರಲಿ ಹತ್ತಿತು’ ಎಂದು ಬೈದುಕೊಳ್ಳುವವರು ಹೆಚ್ಚಾಗಿ ಈ ಬಿಳಿ ಮರಕ್ಕೆ ಕಾಸು ಕೊಟ್ಟವರು.

ಇತಿಹಾಸ ಪಾಠ ಮಾಡುವ ನನಗೆ ಈ ಹುಳುವಿನ ಮೇಲೆ ಆಸಕ್ತಿ ಹುಟ್ಟಿದ್ದು ಮನೆಯಿಂದಲ್ಲ, ರೈಲಿನಿಂದ. 1871ರಲ್ಲಿ ಬೊಂಬಾಯಿ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ನಿಜಾಮರ ಹಣದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಮಾರ್ಗ ತೆರೆಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ಈ ಹೆಸರುಗಳೆಲ್ಲ ಒಂದೇ ಹಳಿಯ ಮೇಲೆ ಸಾಲಾದದ್ದು ಆಗಲೇ. ಹಳಿ ಕಬ್ಬಿಣದ್ದು, ಅದರಡಿಯ ಜಲ್ಲಿ ಕಲ್ಲಿನದು. ನಡುವೆ ಮಲಗಿದ್ದ ಸ್ಲೀಪರ್ ಯಾವುದರದು ಎಂಬುದು ಭಾರತದ ರೈಲುಗಳಿಗೆಲ್ಲ ಮೊದಲ ದಿನಗಳಿಂದ ತಲೆನೋವಿನ ಪ್ರಶ್ನೆ. ಸಿಕ್ಕ ಕಾಡುಮರ ಹಾಸಿದರೆ ಕೆಲವೇ ವರ್ಷದಲ್ಲಿ ಗೆದ್ದಲಿಗೂ ಕೊಳೆತಕ್ಕೂ ತುತ್ತು. ಒಳ್ಳೆಯ ಸಾಗವಾನಿ ಮತ್ತು ಸಾಲ್ ಮರ ಬೇಕಾದಷ್ಟು ಸಿಗವು, ಸಿಕ್ಕರೂ ದುಬಾರಿ. ಆಗ ಅವರು ಮಾಡಿದ ಕೆಲಸ ಇವತ್ತು ಕೇಳಿದರೆ ನಗು ಬರುತ್ತದೆ. ಬಾಲ್ಟಿಕ್ ಸೀಮೆಯ ಪೈನ್ ಮರವನ್ನು ಇಂಗ್ಲೆಂಡಿನಲ್ಲಿ ಕಲ್ಲಿದ್ದಲ ಟಾರಿನಿಂದ ತೆಗೆದ ಕ್ರಿಯೊಸೋಟ್ ಎಣ್ಣೆ ಕುಡಿಸಿ, ಹಡಗಿಗೆ ಹೇರಿ, ಸಮುದ್ರ ದಾಟಿಸಿ ತಂದರು. ಒತ್ತಡ ಹಾಕಿ ಮರಕ್ಕೆ ಎಣ್ಣೆ ಕುಡಿಸುವ ಈ ವಿದ್ಯೆಗೆ ಜಾನ್ ಬೆಥೆಲ್ ಎಂಬಾತ 1838ರಲ್ಲಿ ಪೇಟೆಂಟ್ ಪಡೆದಿದ್ದ. ಮರವೇ ಬೇಡವೆಂದು ಬೋಗುಣಿ ಮಗುಚಿಟ್ಟಂಥ ಎರಕದ ಕಬ್ಬಿಣದ ಸ್ಲೀಪರುಗಳನ್ನು ಹಾಸಿದ್ದೂ ಉಂಟು.

ಇದಕ್ಕೆ ಅಗ್ಗದ, ಇಲ್ಲಿಯದೇ ಆದ ಉತ್ತರ ಬಂದದ್ದು 1933ರಲ್ಲಿ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್ ಎಂಬುವರು ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸೇರಿಸಿ ನೀರಿನಲ್ಲಿ ಕರಗುವ ಒಂದು ರಸಾಯನ ಮಾಡಿದರು. ತಾಮ್ರ ಬೂಷ್ಟು ಹಿಡಿಯದಂತೆ ಕಾಯುತ್ತದೆ, ಆರ್ಸೆನಿಕ್ ಹುಳುವನ್ನು ಕೊಲ್ಲುತ್ತದೆ, ಕ್ರೋಮಿಯಂ ಇವೆರಡನ್ನೂ ಮರದ ನಾರಿಗೆ ಕಟ್ಟಿಹಾಕಿ ಮಳೆಗೆ ತೊಳೆದು ಹೋಗದಂತೆ ಹಿಡಿಯುತ್ತದೆ. ‘ಆಸ್ಕು’ ಎಂಬ ಹೆಸರಿನಲ್ಲಿ ಅದು ಲೋಕವನ್ನೆಲ್ಲ ಸುತ್ತಿತು. 1938ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಅಲ್ಲಿನ ಮನೆಗಳ ಅಂಗಳದ ಬೇಲಿ, ಜಗುಲಿ, ಮಕ್ಕಳ ಜೋಕಾಲಿಯ ಕಂಬಗಳವರೆಗೆ ಅದೇ ಹಸಿರು ಛಾಯೆಯ ಮರ. ಆರ್ಸೆನಿಕ್ಕಿನ ಭಯದಿಂದ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಕುಡಿಸುವುದನ್ನು ಅಲ್ಲಿ ನಿಲ್ಲಿಸಿದರು. ಎಪ್ಪತ್ತು ವರ್ಷ ಜಗತ್ತಿನ ಮರವನ್ನು ಕಾಯ್ದ ರಸಾಯನದ ಹಿಂದಿನ ಈ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಮರಕ್ಕೆ ವಿಷ ಕುಡಿಸುವುದು ಒಂದು ದಾರಿ. ಮರವನ್ನೇ ಬಿಟ್ಟುಬಿಡುವುದು ಇನ್ನೊಂದು. ದೋಣಿ ಕಟ್ಟುವವರು ಹಿಡಿದದ್ದು ಈ ಎರಡನೆಯ ದಾರಿ ಎಂದು ನಾನೂ ಎಲ್ಲರಂತೆ ಅಂದುಕೊಂಡಿದ್ದೆ. ಗಾಜನ್ನು ನೂಲಿನಂತೆ ಎಳೆಯುವ ಕೆಲಸ 1930ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ನಡೆಯತೊಡಗಿತು. 1942ರಲ್ಲಿ ಒಹಾಯೊದ ರೇ ಗ್ರೀನ್ ಎಂಬಾತ ಆ ನೂಲಿಗೆ ಪಾಲಿಯೆಸ್ಟರ್ ರೆಸಿನ್ ಸೇರಿಸಿ ದೋಣಿ ಮಾಡಿದ. ಯುದ್ಧ ಮುಗಿದ ಮೇಲೆ ಅಚ್ಚಿನಲ್ಲಿ ಇಡ್ಲಿ ತೆಗೆದಂತೆ ದೋಣಿ ತೆಗೆಯುವ ಕಾರ್ಖಾನೆಗಳು ಎದ್ದವು. ಕೊಳೆಯದು, ಹುಳ ಹತ್ತದು ಎಂದು ಅದಕ್ಕೆ ಹೆಸರಾಯಿತು. ನಮ್ಮ ಕರಾವಳಿಗೂ ಅದು ಬಂತು.

ಈ ಹೆಸರು ಅರ್ಧ ಸತ್ಯ. ಫೈಬರ್ ಗಟ್ಟಿ, ಆದರೆ ಬಾಗುವ ಗುಣದ್ದು. ತೆಳುವಾದ ಚಿಪ್ಪು ಅಲೆಯ ಮೇಲೆ ತಗಡಿನಂತೆ ಅಲುಗುತ್ತದೆ. ಅದಕ್ಕೆ ಬಿಗಿ ಕೊಡಲು ತಳದಲ್ಲಿ ಉದ್ದುದ್ದ ತೊಲೆ ಇಡಬೇಕು, ಎಂಜಿನ್ ತೂಗುವ ಹಿಂಬದಿಯ ಗೋಡೆಗೆ ದಪ್ಪ ಹಲಗೆ ಕೂರಿಸಬೇಕು. ಇವೆರಡಕ್ಕೂ ಅಗ್ಗಕ್ಕೆ ಸಿಗುವುದು ಮರ ಮತ್ತು ಪ್ಲೈವುಡ್. ಅದರ ಮೇಲೆ ಒಂದೆರಡು ಪದರ ಗಾಜಿನ ಮ್ಯಾಟ್ ಹೊದಿಸಿ ಬಣ್ಣ ಬಳಿದರೆ ಮರವಿದೆ ಎಂಬ ಸುಳಿವೇ ಇರುವುದಿಲ್ಲ. ಹಳೆಯ ಫೈಬರ್ ಮೋಟಾರು ದೋಣಿಗಳಲ್ಲಿ ಬಹುಪಾಲು ಇಂಥವೇ. ಭೀಮಾ ನದಿಯ ಹರಿಗೋಲು ಇದಕ್ಕೆ ತೀರಾ ತದ್ವಿರುದ್ಧ. ಬಿದಿರಿನ ಹೆಣಿಗೆ, ಹೊರಗೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಒಳಗೆ ಕೂತವನ ಕಣ್ಣೆದುರಿಗೆ ಪ್ರತಿ ಸೀಳೂ ಇರುತ್ತದೆ. ಕುಟ್ಟೆ ಹಿಡಿದರೆ ಹಳದಿ ಪುಡಿ ಕಾಲಿನ ಮೇಲೆಯೇ ಉದುರುತ್ತದೆ. ಫೈಬರ್ ಹಾಗೆ ಸುಳಿವು ಕೊಡುವುದಿಲ್ಲ.

ಇದು ನನಗೆ ತಿಳಿದದ್ದು ಸೋದರಮಾವನ ದೋಣಿಯಿಂದ. ಅವರದು ಶಹಾಬಾದ್ ಹತ್ತಿರ ಫರಸಿ ಖಣಿ, ಕಾಗಿಣಾ ದಂಡೆಗೆ ಹೊಲ. 2020ರ ಅಕ್ಟೋಬರಿನ ಮಳೆಗೆ ಕಾಗಿಣಾ ಉಕ್ಕಿತು. ಮಳಖೇಡದಲ್ಲಿ ಜಯತೀರ್ಥರ ವೃಂದಾವನದೊಳಗೂ ನೀರು ನುಗ್ಗಿತು. ಅದು ಇಳಿಯುವಷ್ಟರಲ್ಲಿ ಮಹಾರಾಷ್ಟ್ರದ ಅಣೆಕಟ್ಟುಗಳಿಂದ ಬಿಟ್ಟ ನೀರಿಗೆ ಭೀಮಾ ತುಂಬಿ ಬಂತು. ಸೈನ್ಯದವರು ದೋಣಿ ತಂದರು. ಆದರೆ ಎಲ್ಲ ಊರಿಗೂ ಒಂದೇ ಸಲಕ್ಕೆ ದೋಣಿ ಬರುವುದಿಲ್ಲವಲ್ಲ. ಮಾವನ ಹೊಲದ ಆಳು, ಅವನ ಹೆಂಡತಿ, ಎರಡು ಮಕ್ಕಳು ಒಂದು ಹಗಲು ಒಂದು ರಾತ್ರಿ ಪಂಪ್‌ಸೆಟ್ ಕೋಣೆಯ ಮಾಳಿಗೆಯ ಮೇಲೆ ಕೂತಿದ್ದರು. ‘ಮುಂದಿನ ಸಲ ನಾ ಯಾರ ಹಾದಿನೂ ಕಾಯಂಗಿಲ್ಲ ನೋಡು’ ಎಂದ ಮಾವ, ನೀರಿಳಿದ ಎರಡು ತಿಂಗಳಿಗೆ ಕರಾವಳಿಯಿಂದ ಹದಿನಾರು ಅಡಿಯ ಹಳೆಯ ಫೈಬರ್ ದೋಣಿಯನ್ನು ಲಾರಿಯಲ್ಲಿ ಹೇರಿಸಿ ತಂದರು. ಖಣಿಯ ಶೆಡ್ಡಿನಲ್ಲಿ ಎರಡು ಜಾಲಿ ದಿಮ್ಮಿಗಳ ಮೇಲೆ ಕೂರಿಸಿ, ಮೇಲೆ ತಾಡಪಾಲು ಹೊದಿಸಿದರು. ಊರವರೆಲ್ಲ ಬಂದು ನೋಡಿಹೋದರು.

ಮೂರನೆಯ ಬೇಸಿಗೆಯಲ್ಲಿ ಎಂಜಿನ್ ಕೂರಿಸಿ ಅಲುಗಿಸಿದಾಗ ಹಿಂಬದಿಯ ಗೋಡೆ ಬಾಗಿತು. ಹೊರಗೆ ಒಂದು ಬಿರುಕೂ ಇಲ್ಲ. ಊರಿನ ಬಡಿಗರನ್ನು ಕರೆಸಿದರು. ಅವರು ಜೀವನದಲ್ಲಿ ದೋಣಿ ಕಟ್ಟಿದವರಲ್ಲ, ಚಕ್ಕಡಿ ಮತ್ತು ಬಾಗಿಲು ಮಾಡಿದವರು. ಸಣ್ಣ ಸುತ್ತಿಗೆಯಿಂದ ಗೇಣು ಗೇಣಿಗೂ ತಟ್ಟುತ್ತ ಬಂದರು. ಗಟ್ಟಿ ಇದ್ದಲ್ಲಿ ಟಣ್ಣೆಂದಿತು, ಉಳಿದಲ್ಲೆಲ್ಲ ಸೋರೆಕಾಯಿ ತಟ್ಟಿದ ಸದ್ದು. ಒಳಗಿನಿಂದ ಕಾಲಿಂಚು ತೂತು ಕೊರೆದರು. ಡ್ರಿಲ್ಲಿನ ಸುರುಳಿಯಲ್ಲಿ ಮರದ ಪುಡಿ ಬರಲಿಲ್ಲ, ಕೆಂಪು ಮಣ್ಣು ಬಂತು. ‘ಸಾವ್ಕಾರ್ರೀ, ಇದು ಮ್ಯಾಲಿಂದಷ್ಟ ದೋಣಿ ಅದ, ಒಳಗ ಹುತ್ತ ಅದ’ ಎಂದರು.

ಹುಳ ಬಂದ ದಾರಿ ಹುಡುಕಲು ಕಷ್ಟವಾಗಲಿಲ್ಲ. ನೆಲಕ್ಕೆ ತಾಗಿದ್ದ ಜಾಲಿ ದಿಮ್ಮಿಯೊಳಗಿಂದ ಮೇಲೇರಿ, ದೋಣಿಯ ನೀರು ಬಸಿಯುವ ತೂತಿನ ಅಂಚಿನಲ್ಲಿ ಮಣ್ಣಿನ ಕೊಳವೆ ಕಟ್ಟಿ ಒಳಹೊಕ್ಕಿದ್ದವು. ಆ ತೂತು ಕೊರೆದವರು ಪ್ಲೈವುಡ್ಡಿನ ಬೆತ್ತಲೆ ಅಂಚಿಗೆ ರೆಸಿನ್ ಬಳಿದಿರಲಿಲ್ಲ. ವರ್ಷಗಟ್ಟಲೆ ನೀರು ಕುಡಿದು ಮೆತ್ತಗಾದ ಹಲಗೆ ಅವುಗಳಿಗೆ ಹಬ್ಬದೂಟ. ಎಂಜಿನ್ ಬೋಲ್ಟಿನ ತೂತುಗಳ ಕಥೆಯೂ ಅದೇ. ನೆಲಹಾಸಿನಡಿ ತುಂಬಿದ್ದ ಫೋಮ್ ಅವಕ್ಕೆ ಆಹಾರವಲ್ಲ. ಆದರೂ ಅದರಲ್ಲಿ ಸುರಂಗ ಕೊರೆದು ಬಲಬದಿಯ ತೊಲೆಯನ್ನು ಮುಕ್ಕಾಲು ಮುಗಿಸಿದ್ದವು. ಗಾಜು ಮಾತ್ರ ಗಾಜಾಗಿಯೇ ಉಳಿದಿತ್ತು.

ದುರಸ್ತಿಗೆ ಮೂರು ತಿಂಗಳಾಯಿತು. ಹೊರಚಿಪ್ಪನ್ನು ಮುಟ್ಟದೆ, ಗ್ರೈಂಡರಿನಿಂದ ಒಳಪದರವನ್ನು ಸುತ್ತಲೂ ಎರಡಿಂಚು ಅಂಚು ಬಿಟ್ಟು ಕೊಯ್ದು, ಮುಚ್ಚಳ ತೆಗೆದಂತೆ ತೆಗೆದೆವು. ಗಾಜಿನ ಧೂಳು ಮೈಗೆ ಹತ್ತಿದರೆ ರಾತ್ರಿಯೆಲ್ಲ ತುರಿಕೆ. ಮೂಗಿಗೆ ಬಟ್ಟೆ ಸಾಲದು, ಮುಖವಾಡವೇ ಬೇಕು. ಒಳಗಿನ ಮಣ್ಣನ್ನು ಕರಣೆಯಿಂದ ಕೆರೆದು, ಎರಡು ವಾರ ಒಣಗಲು ಬಿಟ್ಟೆವು. ಒದ್ದೆ ಇದ್ದರೆ ರೆಸಿನ್ ಹಿಡಿಯುವುದಿಲ್ಲ. ರಟ್ಟಿನಲ್ಲಿ ಅಳತೆ ಕತ್ತರಿಸಿ, ಅದರಂತೆ 19 ಮಿಲಿಮೀಟರಿನ ಎರಡು ಪ್ಲೈವುಡ್ ಹಲಗೆಗಳನ್ನು ಎಪಾಕ್ಸಿಯಿಂದ ಬೆಸೆದು ಒಂದು ಮಾಡಿದರು ಬಡಿಗರು. ಅದು ಐಎಸ್ 710 ಮುದ್ರೆಯ ಮೆರೈನ್ ಪ್ಲೈವುಡ್. ಅದರ ಪದರಗಳಿಗೆ ಕಾರ್ಖಾನೆಯಲ್ಲೇ ಸಂರಕ್ಷಕ ರಸಾಯನ ಕುಡಿಸಿರಬೇಕು ಎಂಬುದು ನಿಯಮ. ಸಾಮಾನ್ಯವಾಗಿ ಕುಡಿಸುವುದು ತಾಮ್ರ-ಕ್ರೋಮ್ ಕುಲದ ರಸಾಯನ, ಅಂದರೆ ಕಾಮೇಶನ್ನರ ಆಸ್ಕುವಿನ ನಂಟಿನದೇ. ಮರವನ್ನು ಬಿಟ್ಟೆವೆಂದುಕೊಂಡ ದೋಣಿಗೂ ಕೊನೆಗೆ ಸ್ಲೀಪರಿನ ಔಷಧವೇ ಬೇಕಾಯಿತು. ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಇದನ್ನು ಮುಚ್ಚಿಡದೆ ಮಾಡಿದ್ದಾರೆ. ಅಗ್ಗದ ರಬ್ಬರ್ ಮರಕ್ಕೆ ಈ ರಸಾಯನ ಕುಡಿಸಿ, ಮೇಲೆ ಫೈಬರ್ ಹೊದಿಸಿ ಮೀನುಗಾರರಿಗೆ ದೋಣಿ ಮಾಡಿ ತೋರಿಸಿದ್ದಾರೆ. ನನಗೆ ಅದು ಹೆಚ್ಚು ಪ್ರಾಮಾಣಿಕವಾದ ದೋಣಿ ಅನಿಸುತ್ತದೆ.

ನಮ್ಮ ಬಿಸಿಲು ರೆಸಿನ್ ಕೆಲಸಕ್ಕೆ ಆಗಿಬರುವುದಿಲ್ಲ. ಪಾಲಿಯೆಸ್ಟರ್ ರೆಸಿನ್ನಿಗೆ ನೂರಕ್ಕೆ ಒಂದೆರಡು ಪಾಲು ಹಾರ್ಡ್‌ನರ್ ಸೇರಿಸಿದರೆ ಅದು ತನ್ನಷ್ಟಕ್ಕೆ ಕಾವೇರಿ ಗಟ್ಟಿಯಾಗುತ್ತದೆ. 42 ಡಿಗ್ರಿಯ ಮಧ್ಯಾಹ್ನದಲ್ಲಿ ಡಬ್ಬಿಯಲ್ಲೇ ಹೊಗೆಯಾಡಿ ಕಲ್ಲಾಯಿತು. ಆಮೇಲೆ ಬೆಳಗಿನ ಐದಕ್ಕೆ ಶುರುಮಾಡಿ ಎಂಟಕ್ಕೆ ಮುಗಿಸುತ್ತಿದ್ದೆವು. ಗಾಜಿನ ಮ್ಯಾಟ್ ಚೂಪು ಮೂಲೆಗೆ ಬಾಗದು, ಗಾಳಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಮೂಲೆಗಳನ್ನೆಲ್ಲ ಮೊದಲು ಮೆತ್ತಿ ಗುಂಡಾಗಿಸಬೇಕು. ಒಂದೊಂದು ಪದರವೂ ಕೆಳಗಿನದಕ್ಕಿಂತ ಒಂದಿಂಚು ಅಗಲವಿರಬೇಕು. ಬೋಲ್ಟಿನ ತೂತುಗಳ ವಿಷಯದಲ್ಲಿ ಬಡಿಗರು ಹಟ ಹಿಡಿದರು. ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆದರು. ಹಾಗೆ ಮಾಡಿದರೆ ಬೋಲ್ಟ್ ಎಲ್ಲಿಯೂ ಮರವನ್ನು ತಾಕುವುದಿಲ್ಲ. ದೋಣಿ ಕೊಂಡದ್ದಕ್ಕಿಂತ ಇದಕ್ಕೇ ಹೆಚ್ಚು ಖರ್ಚಾಯಿತು. ಮಾವ ಲೆಕ್ಕ ಕೇಳಲಿಲ್ಲ.

ಆ ನೆರೆಯ ಬಳಿಕ ಕೊಂಡ ದೋಣಿ ಇವರೊಬ್ಬರದೇ ಅಲ್ಲ. ಒಂದು ಕಚೇರಿಯ ಗೋಡೌನಿನಲ್ಲಿ ಎರಡು ಹಳೆಯ ಫೈಬರ್ ದೋಣಿ ಮಗುಚಿಟ್ಟದ್ದನ್ನು ನಾನೇ ನೋಡಿದ್ದೇನೆ. ಅಡಿಯಲ್ಲಿ ಮಣ್ಣಿನ ನೆಲ, ಮೇಲೆ ಹೊಸ ಕಿತ್ತಳೆ ಬಣ್ಣ. ಪಟ್ಟಿಯಲ್ಲಿ ಅವು ‘ಸುಸ್ಥಿತಿ’ ಎಂದೇ ಇವೆ. ಹಿಂಬದಿಯ ಗೋಡೆಯನ್ನು ತಟ್ಟಿ ನೋಡಿದ್ದೀರಾ ಎಂದು ಕೇಳಿದೆ. ಫೈಬರಿಗೆ ಏನಾಗ್ತದ ಸರ್ ಎಂದರು. ತುಂಬಿದ ನದಿಯ ನಡುವೆ ಹತ್ತು ಜನರನ್ನು ಕೂರಿಸಿಕೊಂಡಾಗ ಎಂಜಿನ್ ಕಳಚಿ ನೀರಿಗೆ ಬಿದ್ದರೆ ಏನಾಗುತ್ತದೆಂದು ನಾನು ವಿವರಿಸಲು ಹೋದೆ. ಅವರಿಗೆ ಬೇರೆ ಕೆಲಸವಿತ್ತು.

ಜೂನ್ ಮೊದಲ ವಾರ ಖಣಿಯ ಹೊಂಡದಲ್ಲಿ ದೋಣಿ ಇಳಿಸಿದೆವು. ಜನರನ್ನು ಹತ್ತಿಸುವ ಮುಂಚೆ ಹತ್ತು ಜನರ ಭಾರಕ್ಕೆ ಮರಳಿನ ಚೀಲ ಹೇರಿ, ಎಂಜಿನ್ನಿನ ಓಟ ಪೂರ್ತಿ ಏರಿಸಿ, ಬಡಿಗರೊಬ್ಬರೇ ಹಿಂಬದಿಗೆ ಅಂಗೈ ಒತ್ತಿಕೊಂಡು ನಾಲ್ಕು ಸುತ್ತು ಹೊಡೆದರು. ಈಗ ಅದು ಶೆಡ್ಡಿನಲ್ಲಿ ಫರಸಿ ಕಟ್ಟೆಯ ಮೇಲೆ ಕೂತಿದೆ, ನೆಲದಿಂದ ಎರಡಡಿ ಎತ್ತರಕ್ಕೆ. ಯಾವ ಮರವೂ ನೆಲಕ್ಕೆ ತಾಗಿಲ್ಲ, ಸುತ್ತಲೂ ಮಣ್ಣಿನ ಕೊಳವೆ ಕಂಡರೆ ಕಾಣುವಷ್ಟು ಬಯಲು ಬಿಟ್ಟಿದ್ದಾರೆ. ಬಸಿಯುವ ತೂತಿನ ಬಿರಡೆ ತೆಗೆದು ಗೂಟಕ್ಕೆ ನೇತುಹಾಕಿದೆ. ಮಿರಗ ಹೂಡುವ ಮುಂಚೆ ಬಡಿಗರು ಬಂದು ಸುತ್ತಿಗೆಯಿಂದ ತಟ್ಟಿ ಹೋಗುತ್ತಾರೆ.