ರೊಟ್ಟಿಯ ಲೆಕ್ಕ, ಮೈಯ ಲೆಕ್ಕ



ಈಚೆಗೆ ನಿಮ್ಮಲ್ಲಿ ಹಲವರು ಒಂದೇ ಬಗೆಯ ಪ್ರಶ್ನೆಯನ್ನು ಕೇಳುತ್ತಿದ್ದೀರಿ. ಮೊಬೈಲಿನ ಕ್ಯಾಲೊರಿ ಆ್ಯಪ್‌ಗೆ ಎತ್ತರ, ತೂಕ, ವಯಸ್ಸು ತಿಳಿಸಿದರೆ, ದಿನಕ್ಕೆ ಇಷ್ಟೇ ತಿನ್ನಿರಿ, ಹನ್ನೆರಡು ವಾರಗಳಲ್ಲಿ ಆರು ಕಿಲೊ ಇಳಿಯುವಿರಿ ಎಂದು ಅದು ತಾರೀಖಿನ ಸಮೇತ ಹೇಳುತ್ತದೆ. ಆ ತಾರೀಖು ಬಂದಾಗ ಮೂರೂವರೆ ಕಿಲೊ ಮಾತ್ರ ಇಳಿದಿರುತ್ತದೆ. ತಪ್ಪು ತಮ್ಮದೇ ಎಂದು ಭಾವಿಸಿ ಕೆಲವರು ರಾತ್ರಿಯ ಊಟವನ್ನೂ ಬಿಟ್ಟಿದ್ದಾರೆ. ಅವರಲ್ಲೊಬ್ಬಳು ಹಾಲೂಡಿಸುವ ತಾಯಿ ಎಂದು ತಿಳಿದ ಮೇಲೆ ಈ ಲೇಖನವನ್ನು ಮುಂದೂಡುವುದು ಸರಿಯೆನಿಸಲಿಲ್ಲ.

ನಾನು ವೈದ್ಯನಲ್ಲ. ಆದರೆ ಈ ಲೆಕ್ಕಕ್ಕೆ ಒಂದು ಇತಿಹಾಸವಿದೆ. ಅದನ್ನು ತಿಳಿದವರು ತಾರೀಖನ್ನು ಅಷ್ಟಾಗಿ ನಂಬಲಾರರು.

ನಮ್ಮೂರು ಬೋನಾಳ. ಬೋನವೆಂದರೆ ಅನ್ನ, ಅಡುಗೆ. ಇದನ್ನು ವ್ಯುತ್ಪತ್ತಿಯೆಂದು ಯಾರೂ ತೆಗೆದುಕೊಳ್ಳಬೇಡಿರಿ, ಕಿವಿಗೆ ಹಾಗೆ ಕೇಳಿಸುತ್ತದೆ ಅಷ್ಟೆ. ಬೋನವನ್ನು ತೂಗಿ, ಮನುಷ್ಯನ ಮೈಗೆ ಎಷ್ಟು ಸಾಕೆಂದು ಸರ್ಕಾರವೇ ಲೆಕ್ಕ ಹಾಕಿದ ಒಂದು ಕರಾಳ ಪ್ರಸಂಗ ನಮ್ಮ ಸೀಮೆಗೆ ದೂರವಲ್ಲದ ಕಡೆ ನಡೆಯಿತು. ಅದು 1876ರಿಂದ 1878ರವರೆಗಿನ ಮಹಾಕ್ಷಾಮ. ಆಗ ಸುರಪುರ ನಿಜಾಮರ ಆಡಳಿತದಲ್ಲಿತ್ತು. ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಕ್ಷಾಮದ ಖರ್ಚನ್ನು ಹಿಡಿತದಲ್ಲಿಡಲೆಂದು ಭಾರತ ಸರ್ಕಾರವು 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳುಹಿಸಿತು. ಈತ 1874ರಲ್ಲಿ ಬಿಹಾರದ ಕ್ಷಾಮಕ್ಕೆ ಧಾರಾಳವಾಗಿ ಖರ್ಚು ಮಾಡಿ ಬೈಸಿಕೊಂಡಿದ್ದವನು. ದಕ್ಷಿಣಕ್ಕೆ ಬಂದಾಗ ಕೈ ಬಿಗಿ ಮಾಡಿದ. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆ ಸಾಕೆಂದು ನಿಗದಿಪಡಿಸಿದ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಚರಿತ್ರೆಯಲ್ಲಿ ಇದು ‘ಟೆಂಪಲ್ ಕೂಲಿ’ ಎಂದೇ ಹೆಸರಾಗಿದೆ.

ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ದುಡಿಯುವ ಮೈಗೆ ಕನಿಷ್ಠ 680 ಗ್ರಾಂ ಧಾನ್ಯ ಬೇಕು, ಜೊತೆಗೆ ಬೇಳೆ ತರಕಾರಿ ಬೇಕು ಎಂಬುದು ಅವರ ವಾದ. ವಾದವಿವಾದ ಪತ್ರಗಳಲ್ಲಿ ನಡೆಯುತ್ತಿರುವಾಗ ಜನ ಸಾಯುತ್ತಿದ್ದರು. ಕೊನೆಗೆ ಅದೇ 1877ರಲ್ಲಿ ಪ್ರಾಂತೀಯ ಸರ್ಕಾರ ಪಡಿಯನ್ನು ಸುಮಾರು 570 ಗ್ರಾಂಗೆ ಏರಿಸಿ ಸ್ವಲ್ಪ ಬೇಳೆಯನ್ನೂ ಸೇರಿಸಿತು.

ಆ ಕಾಲದ ಅಧಿಕಾರಿಗಳು ಪಡಿಯನ್ನು ಕ್ಯಾಲೊರಿಯಲ್ಲಿ ಎಣಿಸುತ್ತಿರಲಿಲ್ಲ. ಇಂದಿನ ಕೋಷ್ಟಕವನ್ನು ಹಿಡಿದು ನಾವೇ ಎಣಿಸೋಣ. ನೂರು ಗ್ರಾಂ ಜೋಳಕ್ಕೆ 334 ಕ್ಯಾಲೊರಿ. ಟೆಂಪಲ್‌ನ ಒಂದು ಪೌಂಡು ಜೋಳಕ್ಕೆ ಸುಮಾರು 1500 ಆಯಿತು. ಈಗ ನಿಮ್ಮ ಮೊಬೈಲನ್ನು ತೆರೆದು ನೋಡಿರಿ. ತೂಕ ಇಳಿಸಬೇಕೆನ್ನುವವರಿಗೆ ಆ್ಯಪ್‌ಗಳು ಸಾಮಾನ್ಯವಾಗಿ ವಿಧಿಸುವ ಸಂಖ್ಯೆ ಇದರ ಆಸುಪಾಸಿನದೇ. ಒಂದಾಣೆಯಿಂದ ಕೂಲಿಯಾಳು ಇನ್ನಷ್ಟು ಕೊಂಡಿರಬಹುದು, ನೀವು ಕುರ್ಚಿಯ ಮೇಲೆ ಕುಳಿತು ದುಡಿಯುವವರು, ಎಲ್ಲ ಸರಿ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು. ಆದರೂ ಆ ಸಂಖ್ಯೆಯನ್ನು ಮೊದಲ ಸಲ ಕೂಡಿಸಿ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಅನ್ನದೊಳಗಿನ ಶಾಖವನ್ನು ಅಳೆಯುವ ವಿದ್ಯೆಯನ್ನು ಅಮೆರಿಕದಲ್ಲಿ ನೆಲೆಗೊಳಿಸಿದವರು ವಿಲ್ಬರ್ ಆಟ್‌ವಾಟರ್. 1890ರ ದಶಕದಲ್ಲಿ ಅವರು ಮನುಷ್ಯನನ್ನೇ ಒಂದು ಮುಚ್ಚಿದ ಕೋಣೆಯಲ್ಲಿಟ್ಟು ಮೈಯಿಂದ ಹೊರಬರುವ ಶಾಖವನ್ನು ಅಳೆದರು. ಒಂದು ಗ್ರಾಂ ಪಿಷ್ಟಕ್ಕೆ 4, ಪ್ರೋಟೀನಿಗೆ 4, ಕೊಬ್ಬಿಗೆ 9 ಎಂದು ನೀವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಅವರದೇ ಲೆಕ್ಕ. ಭಾರತದ ಆಹಾರಗಳ ಕೋಷ್ಟಕ ಹೊರಬಂದದ್ದು 1937ರಲ್ಲಿ, ನೀಲಗಿರಿಯ ಕೂನೂರಿನ ಪ್ರಯೋಗಾಲಯದಿಂದ, ಡಾ. ಆಯ್ಕ್‌ರಾಯ್ಡ್ ಅವರ ಕೈಯಿಂದ. ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂದು ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅದರ ಹಳೆಯ ಪುಸ್ತಕದಲ್ಲಿ ನೂರು ಗ್ರಾಂ ಜೋಳಕ್ಕೆ 349 ಕ್ಯಾಲೊರಿ ಇತ್ತು, 2017ರ ಪುಸ್ತಕದಲ್ಲಿ 334 ಆಗಿದೆ. ಅದೇ ಜೋಳ, ಅಳೆಯುವ ಕ್ರಮ ಬದಲಾಯಿತು.

ಇದು ತಿನ್ನುವ ಬದಿಯ ಲೆಕ್ಕ. ಮೈ ಎಷ್ಟು ಉರಿಸುತ್ತದೆ ಎಂಬ ಬದಿಯೂ ಇದೆ. ಸುಮ್ಮನೆ ಮಲಗಿದ್ದರೂ ಉಸಿರಾಟಕ್ಕೆ, ಹೃದಯಕ್ಕೆ, ಮೈಯ ಬಿಸಿಗೆ ಇಂಧನ ಬೇಕು. ಅದನ್ನು ಊಹಿಸುವ ಸೂತ್ರವನ್ನು 1919ರಲ್ಲಿ ಹ್ಯಾರಿಸ್ ಮತ್ತು ಬೆನೆಡಿಕ್ಟ್ ಕೊಟ್ಟರು. ಅದಕ್ಕೆ ಆಧಾರ 136 ಗಂಡಸರು, 103 ಹೆಂಗಸರು, ಎಲ್ಲರೂ ಅಮೆರಿಕದಲ್ಲಿ ಅಳೆಯಲ್ಪಟ್ಟವರು. ಇಂದು ಬಹಳಷ್ಟು ಆ್ಯಪ್‌ಗಳು ಬಳಸುವ ಮಿಫ್ಲಿನ್ ಸೂತ್ರ 1990ರದು. ಅದಕ್ಕೂ ಅಮೆರಿಕದ 498 ಮಂದಿಯೇ ಆಧಾರ. ವಿಶ್ವ ಆರೋಗ್ಯ ಸಂಸ್ಥೆ ಬಳಸಿದ 1985ರ ಸ್ಕೋಫೀಲ್ಡ್ ಸೂತ್ರದ ಹಿಂದಿನ ಅಳತೆಗಳಲ್ಲಿ ಹತ್ತಿರಹತ್ತಿರ ಅರ್ಧ ಇಟಲಿಯವರವು. ಭಾರತೀಯರಿಗೆ ಈ ಸೂತ್ರ ಹೆಚ್ಚು ಹೇಳುತ್ತದೆ ಎಂದು ತೋರಿಸಿದವರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರಕಾಶ್ ಶೆಟ್ಟಿ ಮತ್ತು ಅವರ ಸಂಗಡಿಗರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರೂ ಅಂತರರಾಷ್ಟ್ರೀಯ ಅಂಕಿಯಿಂದ ಶೇ. 5ರಷ್ಟನ್ನು ಕಳೆದೇ ನಮಗೆ ಅನ್ವಯಿಸಿದರು. ಅದೇ ಮಂಡಳಿ, ಹೆರಿಗೆಯ ನಂತರದ ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕೆಂದು ಹೇಳಿದೆ. ಕೂಸಿನ ವಿಷಯ ಕೇಳದ ಆ್ಯಪ್‌ಗೆ ಇದು ಗೊತ್ತಾಗುವುದು ಹೇಗೆ? ಅಂಥ ತಾಯಂದಿರು ಮೊಬೈಲನ್ನು ಬದಿಗಿಟ್ಟು ವೈದ್ಯರನ್ನು ಕೇಳಬೇಕು, ರಾತ್ರಿಯ ಊಟವನ್ನು ಇಂದೇ ಮತ್ತೆ ಶುರು ಮಾಡಬೇಕು.

ಇನ್ನು ತಾರೀಖು. ಅದು ಬಂದದ್ದು 1958ರಲ್ಲಿ ಮ್ಯಾಕ್ಸ್ ವಿಶ್ನೋಫ್‌ಸ್ಕಿ ಎಂಬ ವೈದ್ಯರು ಬರೆದ ಒಂದು ಲೇಖನದಿಂದ. ಒಂದು ಪೌಂಡು ಮೈತೂಕಕ್ಕೆ 3500 ಕ್ಯಾಲೊರಿ, ಅಂದರೆ ಕಿಲೊಗೆ ಸುಮಾರು 7700. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಒಂದು ಪೌಂಡು ಇಳಿಯಬೇಕು. ಏಳನೆಯ ತರಗತಿಯ ತ್ರೈರಾಶಿ! ಇದರಂತೆ ವರ್ಷಕ್ಕೆ ಸುಮಾರು 24 ಕಿಲೊ, ಮೂರು ವರ್ಷಕ್ಕೆ 71 ಕಿಲೊ. ಐದು ವರ್ಷ ಬಿಟ್ಟರೆ ಮನುಷ್ಯನೇ ಉಳಿಯುವುದಿಲ್ಲ. ತ್ರೈರಾಶಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳಿಕೊಡದ ಗಣಿತದ ಮೇಷ್ಟ್ರನ್ನು ನಾನು ಒಪ್ಪುವುದಿಲ್ಲ.

ಮೈ ಇಳಿದಂತೆ ಅದರ ಖರ್ಚೂ ಇಳಿಯುತ್ತದೆ. ಇದು ವಿಶ್ನೋಫ್‌ಸ್ಕಿಗಿಂತ ಮೊದಲೇ ತಿಳಿದ ಸಂಗತಿ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಹಸಿದ ಯುರೋಪನ್ನು ಮತ್ತೆ ಉಣಿಸುವುದು ಹೇಗೆಂದು ತಿಳಿಯಲು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಅರೆಹೊಟ್ಟೆಯಲ್ಲಿಟ್ಟರು. ಅವರೆಲ್ಲ ಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದೆ ಸ್ವಯಂಪ್ರೇರಣೆಯಿಂದ ಬಂದವರು. 1945ರ ಫೆಬ್ರವರಿಯಿಂದ ಜುಲೈವರೆಗೆ 24 ವಾರ, ದಿನಕ್ಕೆ ಸರಾಸರಿ 1570 ಕ್ಯಾಲೊರಿ, ವಾರಕ್ಕೆ 22 ಮೈಲಿ ನಡಿಗೆ. ತೂಕದ ಸುಮಾರು ಕಾಲುಭಾಗ ಇಳಿಯಿತು. ಸುಮ್ಮನಿದ್ದಾಗಿನ ಖರ್ಚು ಶೇ. 40ರಷ್ಟು ಕುಸಿಯಿತು. ಮೈ ತಣ್ಣಗಾಯಿತು, ಮನಸ್ಸು ಕುಗ್ಗಿತು, ಹಗಲೂ ರಾತ್ರಿ ಊಟದ್ದೇ ಧ್ಯಾನವಾಯಿತು.

ಈ ಪ್ರಯೋಗದಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಪ್ರತಿಯೊಬ್ಬನ ತೂಕ ಹೇಗೆ ಇಳಿಯಬೇಕೆಂಬ ಗೆರೆಯನ್ನು ಕೀಸ್ ಮೊದಲೇ ಎಳೆದಿದ್ದರು. ವಾರಕ್ಕೊಮ್ಮೆ ತೂಗಿ, ಗೆರೆಗಿಂತ ಮೇಲಿದ್ದವನ ತಟ್ಟೆಯಲ್ಲಿ ಬ್ರೆಡ್ಡು ಆಲೂಗಡ್ಡೆ ಕಡಿಮೆ ಮಾಡಿದರು, ಕೆಳಗಿದ್ದವನಿಗೆ ಹೆಚ್ಚಿಸಿದರು. ಬೀಗ ಹಾಕಿದ ಅಡುಗೆಮನೆ, ತೂಗಿದ ಊಟ, ದಕ್ಷ ವಿಜ್ಞಾನಿ ಇದ್ದ ಅಲ್ಲಿಯೂ ಊಟವನ್ನು ಗೆರೆಗೆ ತಕ್ಕಂತೆ ತಿದ್ದುತ್ತಲೇ ಇರಬೇಕಾಯಿತು. ನಿಮ್ಮ ಮೊಬೈಲು ಆ ಗೆರೆಯನ್ನು ಒಮ್ಮೆ ಎಳೆದು ಸುಮ್ಮನಾಗುತ್ತದೆ.

2011ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಜೊತೆಗಾರರು ಮೈಯ ಈ ಮಿತವ್ಯಯವನ್ನು ಸೇರಿಸಿ ಹೊಸ ಲೆಕ್ಕ ಕೊಟ್ಟರು. ದಿನಕ್ಕೆ 24 ಕ್ಯಾಲೊರಿ ಶಾಶ್ವತವಾಗಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕಿಲೊ ಇಳಿಯುತ್ತದೆ. ಅದರಲ್ಲಿ ಅರ್ಧ ಇಳಿಯಲು ಸುಮಾರು ಒಂದು ವರ್ಷ, ಬಹುಪಾಲು ಇಳಿಯಲು ಮೂರು ವರ್ಷ. 500 ಕಡಿಮೆ ಮಾಡಿದವನಿಗೆ ವರ್ಷಕ್ಕೆ ಹತ್ತು ಕಿಲೊ ಆಯಿತು. ಹಳೆಯ ತ್ರೈರಾಶಿ 24 ಎಂದಿತ್ತು. ಮೊದಲ ಎರಡು ಮೂರು ತಿಂಗಳಲ್ಲಿ ಎರಡೂ ಲೆಕ್ಕಗಳ ಅಂತರ ಅಷ್ಟು ದೊಡ್ಡದಲ್ಲ. ಮೊದಲ ವಾರದಲ್ಲಂತೂ ಮೈಯ ನೀರೇ ಹೋಗಿ, ಆ್ಯಪ್ ಹೇಳಿದ್ದಕ್ಕಿಂತ ಹೆಚ್ಚು ಇಳಿದಂತೆ ಕಂಡು, ನಂಬಿಕೆ ಬೇರೂರುತ್ತದೆ. ಮೋಸವಾಗುವುದು ಆಮೇಲೆ.

ಹಾಲ್ ಅವರ ಲೆಕ್ಕವೂ ಸರಾಸರಿಯದೇ. ಚಳಿಗಾಲಕ್ಕೆ ನಮ್ಮ ಬೋನಾಳದ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ ಎಂದು ಧೈರ್ಯವಾಗಿ ಹೇಳಬಹುದು. ಇಂಥ ಹೆಬ್ಬಾತು ಇಂಥ ಮಂಗಳವಾರ ಇಳಿಯುತ್ತದೆ ಎಂದರೆ ಏರಿಯ ಮೇಲೆ ಕುರಿ ಕಾಯುವ ಹುಡುಗನೂ ನಗುತ್ತಾನೆ.

ಹಾಗಾದರೆ ಹನ್ನೆರಡು ವಾರದಲ್ಲಿ ಆರರ ಬದಲು ಮೂರೂವರೆ ಏಕಾಯಿತು? ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ವ್ಯತ್ಯಾಸ ರೊಟ್ಟಿಯಲ್ಲಿದೆ. ಆ್ಯಪ್‌ನಲ್ಲಿ ‘ಜೋಳದ ರೊಟ್ಟಿ, ಒಂದು’ ಎಂದು ಒತ್ತುತ್ತೀರಿ. 60 ಗ್ರಾಂ ಹಿಟ್ಟಿನ ರೊಟ್ಟಿಗೆ 200 ಕ್ಯಾಲೊರಿ, ಅವ್ವ ಬಡಿದ 100 ಗ್ರಾಂ ಹಿಟ್ಟಿನ ರೊಟ್ಟಿಗೆ 334. ನಾಲ್ಕು ರೊಟ್ಟಿಗೆ 536 ವ್ಯತ್ಯಾಸ ಬಂದು, ಇಡೀ ದಿನದ ಉಳಿತಾಯ ತಟ್ಟೆಯಲ್ಲೇ ಕರಗಿಹೋಯಿತು. ಶೇಂಗಾ ಹಿಂಡಿಯ ಮೇಲೆ ಸುರಿದ ಎಣ್ಣೆಯನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಇದು ನಮ್ಮವರ ದೋಷ ಮಾತ್ರವಲ್ಲ. ಎಷ್ಟು ಕಡಿಮೆ ತಿಂದರೂ ಇಳಿಯುತ್ತಿಲ್ಲವೆಂದ ಕೆಲವರನ್ನು 1992ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದಾಗ, ಅವರು ಬರೆದಿಟ್ಟ ಲೆಕ್ಕ ನಿಜವಾಗಿ ತಿಂದದ್ದಕ್ಕಿಂತ ಶೇ. 47ರಷ್ಟು ಕಡಿಮೆ ಇತ್ತು. ಅವರು ಸುಳ್ಳುಗಾರರಲ್ಲ, ಕೈಯಳತೆಯ ಊಟವನ್ನು ನೆನಪಿನಿಂದ ಬರೆಯುವವರೆಲ್ಲರ ಪಾಡು ಅದೇ.

ಇಷ್ಟಾದರೂ ಬರೆದಿಡುವುದನ್ನು ಬಿಡಿರಿ ಎಂದು ನಾನು ಹೇಳಲಾರೆ. 2011ರಲ್ಲಿ ತುಷಾರ್ ವಶಿಷ್ಠ, ಮ್ಯಾಥ್ಯೂ ಚೆರಿಯನ್ ಎಂಬ ಇಬ್ಬರು ಯುವಕರು ಸಾಮಾನ್ಯ ಭಾರತೀಯನ ಬದುಕನ್ನು ಅರಿಯಲು ಬೆಂಗಳೂರಿನಲ್ಲಿ ದಿನಕ್ಕೆ ನೂರು ರೂಪಾಯಿಯಲ್ಲಿ, ಆಮೇಲೆ ಕೇರಳದ ಹಳ್ಳಿಯೊಂದರಲ್ಲಿ ಬಡತನದ ರೇಖೆಯ 32 ರೂಪಾಯಿಯಲ್ಲಿ ಬದುಕಿ ನೋಡಿದ್ದರು. ಮರುವರ್ಷ ತುಷಾರ್ ಬೆಂಗಳೂರಿನಲ್ಲಿ ಹೆಲ್ದಿಫೈಮಿ ಎಂಬ ಆಹಾರ ಲೆಕ್ಕದ ಆ್ಯಪ್ ಕಟ್ಟಿದವರಲ್ಲಿ ಒಬ್ಬರಾದರು. ನಮ್ಮ ಊಟಗಳ ಹೆಸರು ಮೊಬೈಲಿನೊಳಗೆ ಬಂದದ್ದು ಇಂಥವರಿಂದಲೇ. ಬರೆದಿಟ್ಟರೆ ಏನು ತಿನ್ನುತ್ತೇವೆಂದು ಕಣ್ಣಿಗೆ ಕಾಣುತ್ತದೆ. ತಕ್ಕಡಿಯೊಂದನ್ನು ಅಡುಗೆಮನೆಯಲ್ಲಿಟ್ಟುಕೊಂಡು ಒಂದು ವಾರ ಹಿಟ್ಟನ್ನೂ ಎಣ್ಣೆಯನ್ನೂ ತೂಗಿ ನೋಡಿರಿ, ತೂಕವನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ತಾರೀಖನ್ನು ಮಾತ್ರ ಅಳಿಸಿಬಿಡಿರಿ.

ಕೂನೂರಿನಲ್ಲಿ ಆಯ್ಕ್‌ರಾಯ್ಡ್‌ಗಿಂತ ಮೊದಲಿದ್ದ ಮ್ಯಾಕ್‌ಕ್ಯಾರಿಸನ್ ಎಂಬವರು ಭಾರತದ ಬೇರೆ ಬೇರೆ ಪ್ರಾಂತ್ಯಗಳ ಊಟವನ್ನು ಇಲಿಗಳಿಗೆ ಉಣಿಸಿ ತೂಗಿದ ಸ್ವಾರಸ್ಯದ ಕಥೆಯೊಂದಿದೆ. ಅದನ್ನು ಮುಂದಿನ ಸಲ ಬರೆಯುತ್ತೇನೆ.