ಕುಚ್ಚಲಕ್ಕಿಗೆ ಎಷ್ಟು ಉರಿ ಬೇಕು?

ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮವರು ನಾಲಿಗೆಯ ರುಚಿಯನ್ನೂ ಜೊತೆಗೇ ತಂದರು. ಊರಿನಲ್ಲಿ ತೆಂಗಿನ ಮಡಲು, ಸಿಪ್ಪೆ, ಸೌದೆ ಹಿತ್ತಲಲ್ಲೇ ಸಿಗುತ್ತಿದ್ದವು. ಕುಚ್ಚಲಕ್ಕಿ ಗಂಟೆಗಟ್ಟಲೆ ಕುದಿದರೂ ಲೆಕ್ಕ ಕೇಳುವವರಿರಲಿಲ್ಲ. ಚಾಳಿನ ಒಂದೇ ಕೋಣೆಯಲ್ಲಿ ಹಾಗಲ್ಲ. ಇದ್ದಿಲಾಗಲಿ ಸೀಮೆಎಣ್ಣೆಯಾಗಲಿ, ಉರಿಯುವುದಕ್ಕೆಲ್ಲ ದುಡ್ಡು ತೆರಬೇಕು.

1955ರಲ್ಲಿ ಬರ್ಮಾ ಶೆಲ್ ಕಂಪೆನಿ 'ಬರ್ಶೇನ್' ಹೆಸರಿನಲ್ಲಿ ಮುಂಬಯಿಯಲ್ಲಿ ಸಿಲಿಂಡರ್ ಗ್ಯಾಸ್ ಮಾರತೊಡಗಿತು. ಆದರೆ ಗ್ಯಾಸ್ ಬಂತೆಂದರೆ ಎಲ್ಲರ ಮನೆಗೂ ಬಂತೆಂದಲ್ಲ. ಎಷ್ಟೋ ವರ್ಷ ಹೆಸರು ಬರೆಸಿ ಕಾಯಬೇಕಿತ್ತು. ಅಲ್ಲಿಯವರೆಗೆ ರೇಷನ್ ಕಾರ್ಡು, ಡಬ್ಬಿ, ಸೀಮೆಎಣ್ಣೆಯ ಸಾಲು. ಸಾಲಿನಲ್ಲಿ ನಿಲ್ಲುತ್ತಿದ್ದವರು ಹೆಚ್ಚಾಗಿ ಯಾರೆಂದು ಹೇಳಬೇಕಾಗಿಲ್ಲವಷ್ಟೆ! 1972ರಲ್ಲಿ ಅಹಲ್ಯಾ ರಾಂಗಣೇಕರ್, ಮೃಣಾಲ್ ಗೋರೆ ಮೊದಲಾದವರ ಮುಂದಾಳ್ತನದಲ್ಲಿ ಇದೇ ನಗರದ ಗೃಹಿಣಿಯರು ಬೆಲೆ ಏರಿಕೆಯ ವಿರುದ್ಧ ಲಟ್ಟಣಿಗೆ ಹಿಡಿದು ಬೀದಿಗಿಳಿದರು. ಮರುವರ್ಷವೇ ಜಗತ್ತಿನ ತೈಲ ಬಿಕ್ಕಟ್ಟು. ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು.

1978ರಲ್ಲಿ ಕೇಂದ್ರ ಸರಕಾರ ಪೆಟ್ರೋಲಿಯಂ ಉಳಿತಾಯಕ್ಕೆಂದೇ ಒಂದು ಸಂಸ್ಥೆ ಹುಟ್ಟುಹಾಕಿತು. ಮುಚ್ಚಳ ಮುಚ್ಚಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ, ಬೇಳೆ ನೆನೆಸಿಡಿ ಎಂಬ ಅದರ ಪಾಠ ನಮ್ಮ ಅಜ್ಜಿಯರಿಗೆ ಹೊಸತೇನಲ್ಲ. ಅವರದನ್ನು ಉಳಿತಾಯವೆಂದು ಕರೆದಿರಲಿಲ್ಲ, ಅಷ್ಟೇ.

ಆ ಹೊತ್ತಿಗೆ ಪ್ರೆಶರ್ ಕುಕ್ಕರ್ ಬಂದು ಎರಡು ದಶಕವಾಗುತ್ತ ಬಂದಿತ್ತು. ಮುಂಬಯಿಯ ಹಾಕಿನ್ಸ್ ಕಂಪೆನಿ ಶುರುವಾದದ್ದು 1959ರಲ್ಲಿ. ಕುಕ್ಕರಿನ ಒಳಗಿನ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 120 ಡಿಗ್ರಿಗೆ; ಹಾಗಾಗಿ ಬೇಳೆ ಬೇಗ ಬೇಯುತ್ತದೆ. ಆದರೆ ಗಂಜಿ ತೆಳಿ ಬಸಿದು ಉಣ್ಣುವವರಿಗೆ ಕುಕ್ಕರಿನ ಕುಚ್ಚಲಕ್ಕಿ ಅನ್ನ ಅಷ್ಟಾಗಿ ಒಗ್ಗಲಿಲ್ಲ.

ಅದಕ್ಕೆ ಉಪಾಯ ಬೇರೆಯೇ ಇತ್ತು. ಅಕ್ಕಿ ಚೆನ್ನಾಗಿ ಕುದಿದ ಮೇಲೆ ಪಾತ್ರೆಯನ್ನು ಒಲೆಯಿಂದಿಳಿಸಿ, ಶಾಖ ಹೊರಹೋಗದ ದಪ್ಪ ಗೋಡೆಯ ಡಬ್ಬದೊಳಗಿಟ್ಟು ಮುಚ್ಚಿಬಿಡುವುದು. ಉಳಿದ ಬೇಯುವಿಕೆ ಒಳಗಿನ ಬಿಸಿಯಿಂದಲೇ ನಡೆಯುತ್ತದೆ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ನಾರ್ವೆಯವರು ಇಂಥದ್ದೇ ಪೆಟ್ಟಿಗೆ ತೋರಿಸಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಗೃಹಿಣಿಯರು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಅಡುಗೆ ಮಾಡಿದರು.

1995ರಲ್ಲಿ ಮಹಾನಗರ ಗ್ಯಾಸ್ ಸ್ಥಾಪನೆಯಾಗಿ, ಕ್ರಮೇಣ ಕೊಳವೆ ಗ್ಯಾಸ್ ಉಪನಗರಗಳ ಅಡುಗೆಮನೆಗೂ ಬಂತು. ಸಿಲಿಂಡರ್ ನಡುವೆ ಮುಗಿಯುವ ಭಯ ಹೋಯಿತು. ಅದರ ಜೊತೆಗೆ ಒಲೆಯ ಮೇಲಿನ ಕಣ್ಣೂ ಸ್ವಲ್ಪ ತಪ್ಪಿತೆನ್ನಿ. ಆದರೂ ಊರಿಗೆ ಹೋದವರು ಮಂಗಳೂರಿನಿಂದ ಆ ಥರ್ಮಲ್ ಡಬ್ಬವನ್ನು ಹೊತ್ತು ತರುವುದು ಇನ್ನೂ ಉಂಟು.