ಯಾರಿಗೆ ಕಾಣಬಾರದು?

ಪರದೆ ಹೊಲಿಸಲು ಬಂದವರನ್ನು ನಮ್ಮಪ್ಪ ಬಟ್ಟೆ ಯಾವುದು, ಅಳತೆ ಎಷ್ಟು ಎಂದೆಲ್ಲ ಕೇಳುವ ಮೊದಲು, "ಯಾರಿಗೆ ಕಾಣಬಾರದು, ಹೇಳಿ" ಎನ್ನುತ್ತಿದ್ದ. ಹೊಸಬರು ತಬ್ಬಿಬ್ಬಾಗುತ್ತಿದ್ದರು. ಹಳಬರು ನಕ್ಕು ವಿವರ ಕೊಡುತ್ತಿದ್ದರು. ಎದುರು ಮನೆ ಮಹಡಿಯಲ್ಲಿ ಓದೋ ಹುಡುಗರಿದ್ದಾರೆ. ರಸ್ತೇಲಿ ಹೋಗೋರಿಗೆಲ್ಲ ನಮ್ಮ ಊಟದ ತಟ್ಟೆ ಕಾಣುತ್ತೆ. ಸಾಲ ಕೊಟ್ಟವರು ಬಂದ್ರೆ ನಾನು ಒಳಗಿರೋದು ಗೊತ್ತಾಗಬಾರದು. ಈ ಕೊನೆಯವರು ಹೊಲಿಗೆ ಕೂಲಿಯನ್ನೂ ಸಾಲ ಹೇಳಿ ಹೋಗುತ್ತಿದ್ದರು.

ಮೈಸೂರಿನ ಶಿವರಾಂಪೇಟೆಯಲ್ಲಿ ಎರಡು ಹೊಲಿಗೆ ಮಿಷನ್ ಹಿಡಿಸುವಷ್ಟು ಅಂಗಡಿ ನಮ್ಮದು. ಭಾವಸಾರ ಕ್ಷತ್ರಿಯರು ನಾವು. ಮನೆಯೊಳಗೆ ಮರಾಠಿ, ಮೆಟ್ಟಿಲಿಳಿದರೆ ಕನ್ನಡ. ಕಸುಬು ಬಟ್ಟೆಗೆ ಬಣ್ಣ ಹಾಕುವುದು, ಇಲ್ಲವೇ ಹೊಲಿಯುವುದು. ನಲವತ್ತೆರಡು ವರ್ಷ ನಾನೂ ಅಪ್ಪನ ಪ್ರಶ್ನೆಯನ್ನೇ ಕೇಳಿಕೊಂಡು ಪರದೆ ಹೊಲಿದೆ. ಕಳೆದ ತಿಂಗಳು ಮಗ ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಕೊಂಡ ಫ್ಲ್ಯಾಟಿಗೆ ಹೋಗಿದ್ದೆ. ಹನ್ನೊಂದನೇ ಮಹಡಿ. ಹಾಲಿನ ಒಂದು ಪಕ್ಕ ಗೋಡೆಯೇ ಇಲ್ಲ, ಪೂರ್ತಿ ಗಾಜು. ಸೊಸೆ ಫೋನಿನಲ್ಲಿ ನೂರೆಂಟು ಪರದೆ ಸರಿಸುತ್ತ, "ಮಾವ, ಸೋಫಾಗೆ ಯಾವುದು ಮ್ಯಾಚ್ ಆಗುತ್ತೆ ನೋಡಿ" ಎಂದಳು.

"ಯಾರಿಗೆ ಕಾಣಬಾರದಮ್ಮ?" ಎಂದೆ.

"ಇಷ್ಟು ಎತ್ತರದಲ್ಲಿ ಯಾರು ನೋಡ್ತಾರೆ ಮಾವ, ಹದ್ದು ಬಿಟ್ರೆ!"

ಮಾತು ಅಲ್ಲಿಗೆ ನಿಂತಿತು. ಆದರೆ ರಾತ್ರಿ ಹೊಸ ಜಾಗದಲ್ಲಿ ನಿದ್ದೆ ಹತ್ತದೆ, ಈ ಹಾಲ್ ಪರದೆ ನಮ್ಮ ಮನೆಗಳಿಗೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತ ಮಲಗಿದ್ದೆ.

ಪರದೆ ನಮಗೆ ಹಳೆಯದೇ. ಕಿಟಕಿಗೆ ಹಾಕುವ ಚಾಳಿ ಹೊಸದು. 'ಪರದೆ' ಫಾರಸಿಯಿಂದ ಬಂದ ಮಾತು. ನಮ್ಮ ಸ್ವಂತದ್ದು ತೆರೆ. ಅಲಂಕಾರ, ನೈವೇದ್ಯದ ಹೊತ್ತಿನಲ್ಲಿ ದೇವರಿಗೆ ತೆರೆ ಹಾಕುತ್ತಾರೆ. ಮದುವೆಯಲ್ಲಿ ಹೆಣ್ಣುಗಂಡಿನ ನಡುವೆ ಅಂತರಪಟ ಹಿಡಿಯುತ್ತಾರೆ. ಯಕ್ಷಗಾನದಲ್ಲಂತೂ ಇಬ್ಬರು ಹಿಡಿದ ತೆರೆಯ ಹಿಂದೆ ಕುಣಿತ ಶುರುವಾಗಿ ಕಿರೀಟದ ತುದಿಯಷ್ಟೇ ಕಂಡರೂ ಜನ ನೆಟ್ಟಗೆ ಕೂರುತ್ತಾರೆ. ತೆರೆ ಒಡ್ಡೋಲಗ ಎಂದೇ ಅದಕ್ಕೆ ಹೆಸರು. ಇವೆಲ್ಲ ಸರಿಯುವ ಗಳಿಗೆಗಾಗಿ ಹಿಡಿದ ಬಟ್ಟೆಗಳು. ಮನೆಯ ಪರದೆಗೆ ಅಂಥ ಮುಹೂರ್ತ ಯಾವುದೂ ಇಲ್ಲ. ಧೂಳು ಕುಡಿಯುತ್ತ ವರ್ಷಾನುಗಟ್ಟಲೆ ತೂಗುತ್ತದೆ.

ನಮ್ಮ ತಾತನಿಗೆ ಅನ್ನ ಹಾಕಿದ್ದು ನಾಟಕದ ಪರದೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಮಾದರಿಯಲ್ಲಿ ಆಗ ಎಷ್ಟೋ ಸಣ್ಣಪುಟ್ಟ ಕಂಪನಿಗಳು ಊರೂರು ಸುತ್ತುತ್ತಿದ್ದವು. ಎಲ್ಲರಿಗೂ ಒಂದು ರಸ್ತೆ ಪರದೆ, ಒಂದು ಅರಮನೆ ಪರದೆ, ಒಂದು ಕಾಡಿನ ಪರದೆ ಬೇಕೇ ಬೇಕು. ಬರೆಯುವವರು ಚಿತ್ರಗಾರರು, ದಪ್ಪ ಬಟ್ಟೆಯ ಪಟ್ಟಿಗಳನ್ನು ಜೋಡಿಸಿ ಗೋಡೆಯಗಲ ಮಾಡಿ ಕೊಡುವವನು ದರ್ಜಿ. ಅರಮನೆಯ ಕಂಬ ಎಲ್ಲಿ ಬರುತ್ತದೆಂದು ತಾತ ಮೊದಲೇ ಕೇಳಿಕೊಂಡು, ಹೊಲಿಗೆಯ ಗೆರೆ ಆ ಕಂಬದ ನೆರಳಿನಲ್ಲಿ ಅಡಗುವ ಹಾಗೆ ಜೋಡಿಸುತ್ತಿದ್ದನಂತೆ. ಸಿನಿಮಾ ಬಂದು ಕಂಪನಿಗಳು ಸೊರಗಿದ ಮೇಲೆ ಅಪ್ಪ ಮನೆ ಪರದೆಗೆ ತಿರುಗಿದ. ಅಷ್ಟರಲ್ಲಿ ಮನೆಗಳೂ ಬೇರೆಯಾಗಿದ್ದವು.

ಹಳೇ ಮೈಸೂರು ಸೀಮೆಯ ತೊಟ್ಟಿ ಮನೆ ನೆನಪಿಗೆ ತಂದುಕೊಳ್ಳಿ. ಬೆಳಕು, ಮಳೆ ಎರಡೂ ನಡುವಿನ ತೊಟ್ಟಿಯಿಂದ ಒಳಗೆ ಇಳಿಯಬೇಕು. ಬೀದಿಗೆ ಜಗಲಿ, ಒಂದೆರಡು ಗಿಡ್ಡ ಕಿಟಕಿ, ಅದಕ್ಕೆ ಸರಳು ಮತ್ತು ಮರದ ಬಾಗಿಲು. ಮುಚ್ಚಿದರೆ ಕತ್ತಲೆ, ತೆರೆದರೆ ಗಾಳಿ. ಅಲ್ಲಿ ಪರದೆಗೆ ಏನು ಕೆಲಸ? ಬಿಸಿಲು ತಡೆಯಬೇಕಾದ ಕಡೆ ಬಿದಿರ ಕಡ್ಡಿಯ ಚಿಕ್ ಇತ್ತು. ಉಳ್ಳವರ ಮನೆಗಳಲ್ಲಿ ಬೇಸಿಗೆಗೆ ನೀರು ಚಿಮುಕಿಸುವ ಲಾವಂಚದ ತಟ್ಟಿ ಇತ್ತು. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರು ಸುತ್ತಲೂ ಇಳಿಬಿಟ್ಟ ಹಸಿರು ಪರದೆಗಳನ್ನು ನೋಡಿರುತ್ತೀರಿ. 1784ರ ಆ ಅರಮನೆಯ ಗೋಡೆಚಿತ್ರಗಳಿಗೆ ಬಿಸಿಲು ತಾಗದಿರಲೆಂದು ಅವು ಇವೆ. ಹೊರಗೆ ಎಷ್ಟೇ ಉರಿ ಇರಲಿ, ಅವುಗಳ ಹಿಂದೆ ಕೆರೆಯ ತಳದಂಥ ತಣ್ಣನೆ ಬೆಳಕು. ಬಣ್ಣದ ಪುಸ್ತಕದಿಂದ ಪರದೆ ಆರಿಸುವವರು ಒಮ್ಮೆ ಅಲ್ಲಿ ಹತ್ತು ನಿಮಿಷ ನಿಂತು ಬರಬೇಕು ಅಂತ ನನ್ನ ಆಸೆ.

ಮನೆಯನ್ನು ಬದಲಿಸಿದ್ದು ಪ್ಲೇಗು. 1898ರಲ್ಲಿ ಅದು ಬೆಂಗಳೂರಿಗೆ ಬಂತು, ಮೈಸೂರನ್ನೂ ಬಿಡಲಿಲ್ಲ. ಇಕ್ಕಟ್ಟಿನ ಪೇಟೆಗಳಲ್ಲಿ ಗಾಳಿಬೆಳಕಿಲ್ಲದ್ದೇ ಕುತ್ತು ಎಂದು ಸರ್ಕಾರಕ್ಕೂ ಜನಕ್ಕೂ ಅನ್ನಿಸಿತು. ಬೆಂಗಳೂರಲ್ಲಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಮೈಸೂರಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡ್ ಬಂತು. ಹೊಸ ಬಡಾವಣೆಯಲ್ಲಿ ಅಗಲ ರಸ್ತೆ, ಒಂದಕ್ಕೊಂದು ಅಂಟದ ಮನೆ, ನಾಲ್ಕೂ ಕಡೆ ಕಿಟಕಿ. ದಂಡಿನ ಬಂಗಲೆಗಳಲ್ಲಿ ಮೊದಲೇ ಇದ್ದ ಗಾಜಿನ ಕದ ನಿಧಾನಕ್ಕೆ ಗುಮಾಸ್ತರ ಮನೆಗೂ ಬಂತು. ತೊಟ್ಟಿ ಮುಚ್ಚಿತು, ನಡುಮನೆಯನ್ನು 'ಹಾಲು' ಅನ್ನತೊಡಗಿದರು. ಒಳಗೆ ತೊಟ್ಟಿಯ ಕಡೆ ಮುಖ ಮಾಡಿದ್ದ ಸಂಸಾರ ತಟ್ಟನೆ ರಸ್ತೆಗೆ ಮುಖ ಮಾಡಿ ಕೂತಂತಾಯಿತು. ಬೆಂಗಳೂರಲ್ಲಿ ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿ ಪೂಜಿಸುತ್ತಾರೆ. ನನ್ನ ಲೆಕ್ಕದಲ್ಲಿ ಪರದೆ ಹೊಲಿಯುವ ದರ್ಜಿಗಳೂ ಆಕೆಗೊಂದು ಕಾಯಿ ಒಡೆಸಬೇಕು.

ಆದರೂ ಅಪ್ಪನ ಕಾಲದಲ್ಲಿ ಮುಖ್ಯವಾದದ್ದು ಬಾಗಿಲ ಪರದೆಯೇ. ಕಿಟಕಿಗೆ ಕೆಳಗಿನ ಅರ್ಧ ಮುಚ್ಚಿದರೆ ಸಾಕಿತ್ತು: ರಸ್ತೆಯವರಿಗೆ ಒಳಗೆ ಕೂತವರ ತಲೆ ಕಾಣಬಾರದು, ಒಳಗಿನವರಿಗೆ ಆಕಾಶ ಕಾಣಬೇಕು. ಹಾಲಿನಿಂದ ಒಳಕ್ಕೆ ಹೋಗುವ ಬಾಗಿಲಿನದು ದೊಡ್ಡ ಕತೆ. ಬಂದವರಲ್ಲಿ ಯಾರು ಹಾಲಿನಲ್ಲೇ ಕೂರಬೇಕು, ಯಾರು ನೇರ ಅಡುಗೆಮನೆ ತನಕ ಹೋಗಬಹುದು ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳದೆ ಆ ಒಂದೂವರೆ ಗಜದ ಬಟ್ಟೆ ತೀರ್ಮಾನಿಸುತ್ತಿತ್ತು. ಮಂಡಿ ಮೊಹಲ್ಲಾದ ಬಡ ಸಾಬರ ಮನೆಗಳಲ್ಲಿ ಬೀದಿ ಬಾಗಿಲಿಗೇ ಗೋಣಿತಾಟಿನ ಪರದೆ. ಕೃಷ್ಣಮೂರ್ತಿಪುರದ ಮೇಷ್ಟ್ರುಗಳ ಮನೆಗಳಲ್ಲಿ ಅದೇ ಪರದೆ ಒಂದು ಕೋಣೆ ಹಿಂದಕ್ಕೆ ಸರಿದಿತ್ತು, ಅಷ್ಟೇ ವ್ಯತ್ಯಾಸ.

ಬಾಗಿಲ ಪರದೆಯನ್ನು ಅಪ್ಪ ನೆಲದಿಂದ ನಾಲ್ಕು ಬೆರಳು ಮೇಲಕ್ಕೆ ನಿಲ್ಲಿಸುತ್ತಿದ್ದ. ಗುಡಿಸಲು ಅನುಕೂಲ ಎಂದು ಗಿರಾಕಿಗೆ ಹೇಳುತ್ತಿದ್ದದ್ದು. ನನಗೆ ಹೇಳಿದ್ದು ಬೇರೆ: "ಹಿಂದೆ ಯಾರು ನಿಂತಿದಾರೆ ಅಂತ ಕಾಲು ನೋಡಿ ಗೊತ್ತಾಗಬೇಕಪ್ಪ." ನಾನು ಹೆಣ್ಣು ನೋಡಲು ಹೋದಾಗ ಅದು ಅರ್ಥವಾಯಿತು. ಹಾಲಿನಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತವನಿಗೆ ಪರದೆ ಕೆಳಗೆ ಮೂರು ಜೊತೆ ಪಾದ ಕಾಣುತ್ತಿತ್ತು. ಮಧ್ಯದ ಜೊತೆ ಒಂದರ ಮೇಲೊಂದು ಕಾಲಿಟ್ಟುಕೊಂಡು ತೊಯ್ದಾಡುತ್ತಿತ್ತು. ಆ ಪಾದದವಳೇ ನನ್ನ ಹೆಂಡತಿಯಾದಳು. ಅವಳು ಪರದೆಯ ಸಂದಿಯಿಂದ ನನ್ನ ಮುಖವನ್ನು ಪೂರ್ತಿ ನೋಡಿಯಾಗಿತ್ತೆಂದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೇಳಿದಳು. ಪರದೆ ಹಿಂದೆ ನಿಂತವರಿಗೇ ಹೆಚ್ಚು ಕಾಣುವುದು. ಕಸುಬಿನವನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಈ ಬಾಗಿಲ ಪರದೆ ಹೆಂಗಸರ ಕೈಗೆಲಸದ ಜಾಗವೂ ಆಗಿತ್ತು. ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ಚಿನ ಗಿಳಿ, ನವಿಲು. ಅಂಚಿಗೆ ಕ್ರೋಶಾ. ಆಮೇಲೊಂದಿಷ್ಟು ವರ್ಷ ಮಣಿ ಪರದೆಯ ಹುಚ್ಚು ಹಿಡಿಯಿತು. ದಾಟುವಾಗೆಲ್ಲ ಜಲಜಲ ಸದ್ದು, ಜಡೆಗೆ ಸಿಕ್ಕಿಕೊಂಡರೆ ಕೂಗಾಟ. ನಮಗೆ ಅದರಿಂದ ಒಂದು ಪೈಸೆಯೂ ಹುಟ್ಟಲಿಲ್ಲವಾದ್ದರಿಂದ ಅದರ ಬಗ್ಗೆ ಒಳ್ಳೆಯ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

1960ರಲ್ಲಿ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಬಂತು, ಅದರ ಬೆನ್ನಿಗೇ ಯಾದವಗಿರಿಯಲ್ಲಿ ಜಾವಾ ಬೈಕಿನ ಕಾರ್ಖಾನೆ. ತಿಂಗಳ ಸಂಬಳದವರು ಹೆಚ್ಚಿದರು, ಸರಸ್ವತಿಪುರದ ಕಡೆ ಮನೆಗಳೆದ್ದವು, ನಮಗೆ ಕೈತುಂಬ ಕೆಲಸ. ಅದುವರೆಗೆ ಬಹಳ ಮನೆಗಳಲ್ಲಿ ಪರದೆಯೆಂದರೆ ಹಳೇ ಸೀರೆ. ತುದಿಯಲ್ಲಿ ಲಾಡಿ ತೂರಿಸುವಂಥ ಮಡಿಕೆ ಹೊಲಿದು ಹುರಿಗೆ ಪೋಣಿಸಿದರೆ ಆಯಿತು. ಹುರಿಯ ಜಾಗಕ್ಕೆ ಪ್ಲಾಸ್ಟಿಕ್ ಹೊದಿಸಿದ ಸ್ಪ್ರಿಂಗ್ ಬಂತು. ಎರಡು ಮೊಳೆ, ಎರಡು ಕೊಕ್ಕೆ, ಬಡವನ ಪರದೆ ಸಿದ್ಧ. ಆರು ತಿಂಗಳಿಗೆ ನಡುವೆ ಜೋತುಬಿದ್ದು ಪರದೆ ನಗುವ ಬಾಯಿಯ ಹಾಗೆ ಕಾಣುತ್ತಿತ್ತು.

ಬಟ್ಟೆಯಲ್ಲಿ ಕಣ್ಣೂರಿನದ್ದೇ ಗತ್ತು. ಅದರ ಹಿಂದೆ ನಮ್ಮ ಮಂಗಳೂರಿನ ಎಳೆಯೊಂದಿದೆ. 1834ರಲ್ಲಿ ಮಂಗಳೂರಿಗಿಳಿದ ಬಾಸೆಲ್ ಮಿಷನ್‌ನವರು ಅಲ್ಲಿ ನೇಯ್ಗೆ ಶಾಲೆ ತೆಗೆದರು. 1851ರಲ್ಲಿ ಬಂದ ಹಾಲರ್ ಎಂಬ ನೇಯ್ಗೆ ಬಲ್ಲವರು ಯುರೋಪಿನ ಮಗ್ಗ ತಂದು ಕೆಲಸ ಸುಧಾರಿಸಿದರು. ಖಾಕಿ ಬಣ್ಣದ ಕೀರ್ತಿಯನ್ನು ಮಂಗಳೂರಿನವರು ಇವರಿಗೇ ಕೊಡುತ್ತಾರೆ. ಮಿಷನ್ ಕಣ್ಣೂರಲ್ಲೂ ಮಗ್ಗ ಹೂಡಿತು. ಅಗಲ ಮಗ್ಗದ ದಪ್ಪ ಬಟ್ಟೆಗೆ ಆ ಊರು ಹೆಸರಾಯಿತು. ಮಿಷನ್ನಿನವರ ಹೆಂಚಿನ ಕಾರ್ಖಾನೆಯನ್ನು ಎಲ್ಲರೂ ನೆನೆಯುತ್ತಾರೆ. ಕಿಟಕಿಯ ಹತ್ತಿರ ಕೂತು ಅವರ ಮಗ್ಗವನ್ನು ನೆನೆಯುವವನು ನಾನೊಬ್ಬನೇ ಇರಬೇಕು. 1975ರಲ್ಲಿ ಕರ್ನಾಟಕದ ಕೈಮಗ್ಗ ನಿಗಮ ಶುರುವಾಗಿ 'ಪ್ರಿಯದರ್ಶಿನಿ' ಮಳಿಗೆಗಳು ತೆರೆದ ಮೇಲೆ ನಮ್ಮ ಕಡೆಯ ಬಟ್ಟೆಯನ್ನೂ ಜನ ಹೊತ್ತು ತಂದರು. ಎಲ್ಲಿಯದೇ ಆಗಲಿ, ಹತ್ತಿಯಾದರೆ ರಾತ್ರಿ ನೀರಿಗೆ ಹಾಕಿ ಕುಗ್ಗಿಸದೆ ಕತ್ತರಿ ಇಡಕೂಡದು. ಇದನ್ನು ಮರೆತು ನಾನು ಹೊಲಿದ ಮೊದಲ ಜೊತೆ, ಒಗೆದ ಮೇಲೆ ಕಿಟಕಿಗಿಂತ ಮೂರಿಂಚು ಮೇಲೆ ನಿಂತಿತು. ಮನೆಯಾಕೆ ತಂದು ತೋರಿಸಿ, "ನಿಮ್ಮ ಪರದೆ ಚಡ್ಡಿ ಹಾಕ್ಕೊಂಡಿದೆ" ಎಂದರು. ಅಪ್ಪ ಕೆಳಗೆ ಬೇರೆ ಬಣ್ಣದ ಪಟ್ಟಿ ಕೊಟ್ಟು ಹೊಲಿದ. ಮುಂದಿನ ತಿಂಗಳು ಅದೇ ಬೀದಿಯ ಇಬ್ಬರು ಅಂಥದ್ದೇ ಪಟ್ಟಿ ಬೇಕೆಂದು ಬಂದರು.

ಲೆಕ್ಕ ಇಷ್ಟೆ. ನಾಲ್ಕಡಿ ಕಿಟಕಿಗೆ ಎಂಟಡಿ ಬಟ್ಟೆ ಇದ್ದರೆ ಮಾತ್ರ ನೆರಿಗೆ ತುಂಬಿ ನಿಲ್ಲುತ್ತದೆ. ಅಂದರೆ 48 ಇಂಚಿನ ಎರಡು ಪನ್ನ. ಏಳಡಿ ಉದ್ದ ಬೇಕಾದರೆ 84 ಇಂಚು, ಮೇಲಿನ ಕೆಳಗಿನ ಮಡಿಕೆಗೆ 10, ಎರಡು ಪನ್ನಕ್ಕೆ 188. ಗಜದ ಕಾಲದಲ್ಲಿ ಇದು ಐದೂಕಾಲು ಗಜ. ಮೀಟರ್ ಬಂದ ಮೇಲೆ ಐದು ಮೀಟರ್ ತನ್ನಿ ಅನ್ನುತ್ತಿದ್ದೆವು. ದೊಡ್ಡ ಹೂವಿನ ಬಟ್ಟೆಯಾದರೆ ಎರಡೂ ಕದದಲ್ಲಿ ಹೂವು ಒಂದೇ ಎತ್ತರಕ್ಕೆ ಬರಬೇಕು, ಅದಕ್ಕೆ ಇನ್ನಷ್ಟು ಹಾಳು. ದುಡ್ಡು ಉಳಿಸಲೆಂದು ನೆರಿಗೆ ಕಡಿಮೆ ಮಾಡಿಸುವವರಿಗೆ ಅಪ್ಪ, ಬಟ್ಟೆ ಅಗ್ಗದ್ದು ತನ್ನಿ, ನೆರಿಗೆ ಬಿಡಬೇಡಿ ಎನ್ನುತ್ತಿದ್ದ. ಪಶ್ಚಿಮದ ಕಿಟಕಿಗೆ ಹಿಂದೆ ಬಿಳಿ ಬಟ್ಟೆಯ ಅಸ್ತರ್ ಕೊಡದಿದ್ದರೆ ಎರಡು ಬೇಸಿಗೆಯಲ್ಲಿ ಬಣ್ಣ ಸೋಲುತ್ತದೆ.

ಬಾಗಿಲ ಪರದೆಯನ್ನು ಇಳಿಸಿದ್ದು ಟೀವಿ. ಹೆಂಗಸರು ಓದಿ ಕೆಲಸಕ್ಕೆ ಹೋದದ್ದೂ ಕಾರಣವೇ, ಆದರೆ ನನ್ನ ಆರ್ಡರ್ ಪುಸ್ತಕ ಟೀವಿಯ ಕಡೆಗೇ ಬೆರಳು ತೋರಿಸುತ್ತದೆ. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾಯಿತಲ್ಲ, ಟೀವಿ ಇದ್ದದ್ದು ಹಾಲಿನಲ್ಲಿ. ಅಜ್ಜಿ, ಅತ್ತೆ, ಸೊಸೆ, ಕೆಲಸದವಳು, ಪಕ್ಕದ ಮನೆಯವರು ಎಲ್ಲ ಅಲ್ಲೇ ಸಾಲಾಗಿ ಕೂತ ಮೇಲೆ ಒಳಬಾಗಿಲ ಪರದೆ ಯಾರನ್ನು ಮರೆಮಾಡಬೇಕು? ಅದನ್ನೆತ್ತಿ ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದರು, ಎಷ್ಟೋ ಮನೆಗಳಲ್ಲಿ ಮತ್ತೆ ಬಿಚ್ಚಲೇ ಇಲ್ಲ. ಪೂರ್ವದ ಬಿಸಿಲು ಟೀವಿ ಗಾಜಿಗೆ ಹೊಡೆದು ರಾಮ ಕಾಣುತ್ತಿಲ್ಲ ಎಂದು ಆ ವರ್ಷ ಬಂದವರೆಲ್ಲ ಕೇಳಿದ್ದು ಕಿಟಕಿಗೆ ದಪ್ಪ ಪರದೆ, ಮೇಲಿಂದ ಕೆಳತನಕ. ಅಪ್ಪನ ಪ್ರಶ್ನೆಗೆ ಮೊದಲ ಸಲ ಯಾರ ಹೆಸರೂ ಇಲ್ಲದ ಉತ್ತರ ಬಂದದ್ದು ಆಗ: "ಬಿಸಿಲಿಗೆ ಕಾಣಬಾರದು."

ಆಮೇಲಿನದ್ದು ನಿಮಗೇ ಗೊತ್ತು. ಪಾಲಿಯೆಸ್ಟರ್, ಸ್ಟೀಲ್ ಸರಳು, ಬಳೆಯಂಥ ಐಲೆಟ್. ಐದಡಿ ಕಿಟಕಿಗೆ, ಏಳಡಿ ಬಾಗಿಲಿಗೆ, ಒಂಬತ್ತಡಿ ಇನ್ನೂ ಎತ್ತರಕ್ಕೆ ಎಂದು ಪೊಟ್ಟಣದಲ್ಲೇ ಸಿದ್ಧ ಪರದೆ. ನಿಮ್ಮ ಕಿಟಕಿ ಐದೂವರೆ ಅಡಿ ಇದ್ದರೆ ತಪ್ಪು ಕಿಟಕಿಯದು.

ಫ್ಲ್ಯಾಟಿನಲ್ಲಿ ಎರಡನೇ ದಿನ ಬೆಳಿಗ್ಗೆ ಎಲ್ಲರೂ ಮಲಗಿದ್ದರು. ನಾನು ಪಂಚೆಯಲ್ಲಿ, ಬರಿಮೈಯಲ್ಲಿ, ಹಲ್ಲುಜ್ಜುತ್ತ ಹಾಲಿಗೆ ಬಂದೆ. ಎದುರಿನ ಟವರಿನಲ್ಲಿ, ನಮ್ಮಷ್ಟೇ ಎತ್ತರದ ಗಾಜಿನ ಹಿಂದೆ, ನನ್ನ ವಯಸ್ಸಿನವರೇ ಒಬ್ಬರು, ಅವರೂ ಬರಿಮೈ, ಬಾಯಲ್ಲಿ ಬ್ರಷ್ಷು. ಇಬ್ಬರ ಕಣ್ಣೂ ಕೂಡಿದವು. ಇಬ್ಬರೂ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದೆವು. ಅವರ ಹಾಲಿಗೂ ಪರದೆ ಇರಲಿಲ್ಲ.

ಬಾಯಿ ತೊಳೆದು ಬಂದು, ಚೀಲದಲ್ಲಿದ್ದ ಟೇಪು ತೆಗೆದು, ಸದ್ದಾಗದ ಹಾಗೆ ಕುರ್ಚಿ ಹತ್ತಿದೆ. ಹತ್ತಡಿ ನಾಲ್ಕಿಂಚು ಅಗಲ. ಬಿಸಿಲು ಎಡಗಡೆಯಿಂದ.